‘ದ ಫೈನಲ್ ಕಟ್’ ಯಾವ ಯುದ್ಧದ ಆಲ್ಬಮ್? ಕೇಳುವುದು ಹೇಗೆ?

ಪ್ರಶ್ನೆ: ಎಡಕಿವಿ

ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಆಲ್ಬಮ್‌ಗಳನ್ನು ಬಿಡುಗಡೆಯಾದ ಕ್ರಮದಲ್ಲಿಯೇ ಕೇಳುತ್ತಾ ಬಂದಿದ್ದೇನೆ. 1979ರ ‘ದ ವಾಲ್’ವರೆಗೆ ದಾರಿ ಸಲೀಸಾಗಿತ್ತು. ಈಗ 1983ರ ‘ದ ಫೈನಲ್ ಕಟ್’ ಎದುರು ಸಿಕ್ಕಿಕೊಂಡಿದ್ದೇನೆ. ತಂಡದ ಗಾಯಕ ರೋಜರ್ ವಾಟರ್ಸ್ ಪಿಸುಗುಟ್ಟುತ್ತಾರೆ, ಕೇಳಿಸುವುದಿಲ್ಲವೆಂದು ಧ್ವನಿ ಏರಿಸುತ್ತೇನೆ. ಏರಿಸಿದ ತಕ್ಷಣ ಅವರು ಅರಚುತ್ತಾರೆ, ಗಾಬರಿಯಿಂದ ಇಳಿಸುತ್ತೇನೆ. ಹಾಡು ಕೇಳುವುದಕ್ಕಿಂತ ಗುಂಡಿ ತಿರುಗಿಸುವುದೇ ಕೆಲಸವಾಗಿದೆ.

ಎಲ್ಲರೂ ಇದನ್ನು ಫಾಕ್‌ಲ್ಯಾಂಡ್ಸ್ ಯುದ್ಧದ ಆಲ್ಬಮ್ ಎನ್ನುತ್ತಾರೆ. ಆದರೆ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವಿನ ಆ ಯುದ್ಧ ನಡೆದದ್ದು 1982ರ ಏಪ್ರಿಲ್ 2ರಿಂದ ಜೂನ್ 14ರವರೆಗೆ, ಒಟ್ಟು 74 ದಿನ. ಆಲ್ಬಮ್ ಬಂದದ್ದು ಮರುವರ್ಷದ ಮಾರ್ಚ್‌ನಲ್ಲಿ. ಹಾಡುಗಳಲ್ಲಿಯಾದರೂ ಫಾಕ್‌ಲ್ಯಾಂಡ್ಸ್‌ಗಿಂತ ಎರಡನೆಯ ಮಹಾಯುದ್ಧದ ಮಾತೇ ಹೆಚ್ಚು. ಹಾಗಾದರೆ ಇದು ಯಾವ ಯುದ್ಧದ್ದು? ತಂಡದ ಆಲ್ಬಮ್ಮೋ, ವಾಟರ್ಸ್ ಒಬ್ಬರದೋ? ನಾನು ಕೇಳುತ್ತಿರುವ 2004ರ ಸಿ.ಡಿ.ಯಲ್ಲಿ ಹದಿಮೂರು ಹಾಡುಗಳಿವೆ. ಹಳೆಯ ಎಲ್‌ಪಿಯಲ್ಲಿ ಹನ್ನೆರಡೇ ಇದ್ದವಂತೆ. ಯಾವುದರಿಂದ ಶುರು ಮಾಡಬೇಕು? ‘ಅದು ಬೇಸರದ ಆಲ್ಬಮ್, ಬಿಟ್ಟು ಮುಂದೆ ಹೋಗಿ’ ಎಂಬ ಸಲಹೆ ಈಗಾಗಲೇ ಬೇಕಾದಷ್ಟು ಸಿಕ್ಕಿದೆ, ಇನ್ನೊಂದು ಬೇಡ.

ಉತ್ತರ: ಟೇಪ್‌ಸುರುಳಿ

ಮೊದಲು ಗುಂಡಿಯಿಂದ ಕೈ ತೆಗೆಯಿರಿ. ಅರಚುವ ಜಾಗವನ್ನು ಸಹಿಸಿಕೊಳ್ಳಬಹುದಾದಷ್ಟಕ್ಕೆ ಧ್ವನಿ ಇಟ್ಟುಬಿಡಿ. ಪಿಸುಮಾತಿಗೆ ಕಿವಿಯೇ ಹತ್ತಿರ ಹೋಗಲಿ. ನಾನು ಹೊಟ್ಟೆಪಾಡಿಗೆ ಧ್ವನಿಮುದ್ರಣದ ಕೆಲಸ ಮಾಡುವವನು. ಏರು ತಗ್ಗುಗಳನ್ನೆಲ್ಲ ಒತ್ತಿ ಸಮತಟ್ಟು ಮಾಡಿಕೊಡಿ ಎಂದು ದುಂಬಾಲು ಬೀಳುವವರ ನಡುವೆ ಕುಳಿತಿರುವ ನನಗೆ ಈ ಆಲ್ಬಮ್‌ನ ಹಠ ಇಷ್ಟ. ಕೇಳುವವನು ಅಡುಗೆ ಮಾಡುತ್ತಲೋ ಕಾರು ಓಡಿಸುತ್ತಲೋ ಇದನ್ನು ಕೇಳಬಾರದು ಎಂದು ತೀರ್ಮಾನಿಸಿಯೇ ಮಿಕ್ಸಿಂಗ್ ಮಾಡಿದಂತಿದೆ. ಜೊತೆಗೆ ಹೆಡ್‌ಫೋನ್ ಕಡ್ಡಾಯ. ಹಾಡುಗಳ ನಡುವೆ ಬರುವ ಸದ್ದುಗಳನ್ನು (ಸೌಂಡ್ ಎಫೆಕ್ಟ್) ಹೋಲೋಫೋನಿಕ್ಸ್ ಎಂಬ ವಿಧಾನದಲ್ಲಿ ಮುದ್ರಿಸಿದ್ದಾರೆ. ಹ್ಯೂಗೊ ಜುಕರೆಲ್ಲಿ ಎಂಬುವರು ರೂಪಿಸಿದ್ದು. ಸದ್ದು ಎಡಬಲಕ್ಕೆ ಮಾತ್ರವಲ್ಲ, ತಲೆಯ ಹಿಂದಿನಿಂದ ಬಂದು ಮುಂದೆ ಹೋದಂತೆ ಕೇಳಿಸಬೇಕು ಎಂಬುದು ಅದರ ಉದ್ದೇಶ. ಸ್ಪೀಕರ್‌ನಲ್ಲಿ ಅರ್ಧ ಮಾಯವಾಗುತ್ತದೆ. ಎಲ್‌ಪಿಯ ಎರಡನೆಯ ಬದಿಯ ಮೊದಲ ಹಾಡಿನಲ್ಲಿ ಕ್ಷಿಪಣಿಯೊಂದು ಹಾರಿಹೋಗಿ ಸಿಡಿಯುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಆಮೇಲೆ ಈ ಆಲ್ಬಮ್ ಬೇಸರದ್ದೋ ಅಲ್ಲವೋ ನೀವೇ ಹೇಳಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ಧ್ವನಿಮುದ್ರಣ ನಡೆದದ್ದು 1982ರ ಜುಲೈನಿಂದ ಡಿಸೆಂಬರ್‌ವರೆಗೆ, ಅಂದರೆ ಯುದ್ಧ ಮುಗಿದ ಮೇಲೆ. ಆದರೆ ಆಲ್ಬಮ್‌ನ ದಿಕ್ಕು ಬದಲಾದದ್ದು ಯುದ್ಧದಿಂದ. ಮೊದಲು ಅವರು ಯೋಜಿಸಿದ್ದು ಇಂಥ ಆಲ್ಬಮ್ಮನ್ನೇ ಅಲ್ಲ. ‘ದ ವಾಲ್’ ಸಿನಿಮಾ ಆಗುತ್ತಿತ್ತು. ಸಿನಿಮಾಕ್ಕೆ ಹೊಸದಾಗಿ ಮಾಡಿದ ಹಾಡುಗಳನ್ನೂ ಹಿಂದಿನ ಆಲ್ಬಮ್‌ನಲ್ಲಿ ಜಾಗ ಸಿಗದೆ ಉಳಿದಿದ್ದವನ್ನೂ ಸೇರಿಸಿ ‘ಸ್ಪೇರ್ ಬ್ರಿಕ್ಸ್’ ಎಂಬ ಹೆಸರಿನಲ್ಲಿ ಬಿಡುವ ಆಲೋಚನೆಯಿತ್ತು. ಗೋಡೆ ಕಟ್ಟಿ ಮಿಕ್ಕ ಇಟ್ಟಿಗೆಗಳು. ಅಷ್ಟರಲ್ಲಿ ಅರ್ಜೆಂಟೀನಾದ ಸೇನಾಡಳಿತ ಬ್ರಿಟನ್ನಿನ ವಶದಲ್ಲಿದ್ದ ಫಾಕ್‌ಲ್ಯಾಂಡ್ಸ್ ದ್ವೀಪಗಳನ್ನು ಹಿಡಿಯಿತು, ಏಪ್ರಿಲ್ 5ರಂದು ಪೋರ್ಟ್ಸ್‌ಮತ್‌ನಿಂದ ಬ್ರಿಟಿಷ್ ನೌಕಾಪಡೆ ಹೊರಟಿತು, ದಡದಲ್ಲಿ ಬಾವುಟಗಳು ಹಾರಿದವು. ವಾಟರ್ಸ್‌ಗೆ ಮೈ ಉರಿಯಿತು.

ಆ ಉರಿ ಏಕೆ ಅಷ್ಟು ದೊಡ್ಡದು ಎಂದು ತಿಳಿಯಲು ಅವರ ಅಪ್ಪನ ಕಥೆ ಬೇಕು. ಎರಿಕ್ ಫ್ಲೆಚರ್ ವಾಟರ್ಸ್ ಶಾಲಾ ಮೇಷ್ಟ್ರು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಆತ್ಮಸಾಕ್ಷಿ ಒಪ್ಪುವುದಿಲ್ಲವೆಂದು ಸೇನೆಗೆ ಸೇರಲು ನಿರಾಕರಿಸಿ, ಲಂಡನ್ ಮೇಲೆ ಬಾಂಬು ಬೀಳುತ್ತಿದ್ದಾಗ ಆಂಬುಲೆನ್ಸ್ ಓಡಿಸಿದವರು. ಬರಬರುತ್ತ ಹಿಟ್ಲರನನ್ನು ಎದುರಿಸದೆ ದಾರಿಯಿಲ್ಲ ಎಂದುಕೊಂಡು ತಾವಾಗಿಯೇ ಮನಸ್ಸು ಬದಲಿಸಿ ರಾಯಲ್ ಫ್ಯೂಸಿಲಿಯರ್ಸ್‌ನ 8ನೇ ಬೆಟಾಲಿಯನ್‌ಗೆ ಸೇರಿದರು. 1944ರ ಫೆಬ್ರವರಿ 18ರಂದು ಇಟಲಿಯ ಆಂಜಿಯೊದಲ್ಲಿ ಸತ್ತರು. ಮಗ ರೋಜರ್‌ಗೆ ಆಗ ಐದು ತಿಂಗಳು. ಆಲ್ಬಮ್ ಅರ್ಪಣೆಯಾಗಿರುವುದು ಅವರಿಗೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವಿದೆ. ಯುದ್ಧವೇ ತಪ್ಪು ಎಂದು ವಾಟರ್ಸ್ ಸುಮ್ಮನೆ ಹಾಡುತ್ತಿಲ್ಲ. ಅಪ್ಪ ಸತ್ತದ್ದು ಒಂದು ಮಾತಿಗಾಗಿ, ಆ ಮಾತನ್ನು ನಡೆಸಿಕೊಡಲಿಲ್ಲ ಎಂಬುದು ಅವರ ದೂರು. 1945ರ ನಂತರ ಬ್ರಿಟನ್ ತನ್ನ ಜನರಿಗೆ ಕೊಟ್ಟ ಮಾತು ಅದು: ಎಲ್ಲರಿಗೂ ಕೆಲಸ, ಸೂರು, ಚಿಕಿತ್ಸೆ. 1982ರ ಜನವರಿಯಲ್ಲಿ ಅಲ್ಲಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಹೊದಿಕೆಯ ಮೇಲೆ ಇದನ್ನು ಯುದ್ಧೋತ್ತರ ಕನಸಿನ ಶೋಕಗೀತೆ ಎಂದು ಬರೆದುಕೊಂಡಿದ್ದಾರೆ. ಆದ್ದರಿಂದ ‘ಯಾವ ಯುದ್ಧ’ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಹೀಗೆ: ಸಾಲ ಮಾಡಿದ್ದು 1944ರಲ್ಲಿ, ಬಡ್ಡಿ ಲೆಕ್ಕ ಹಾಕಿದ್ದು 1982ರಲ್ಲಿ.

ಮೊದಲ ಹಾಡಿನ ಆರಂಭದಲ್ಲಿ ಯಾರೋ ರೇಡಿಯೊ ಸ್ಟೇಷನ್ ಬದಲಿಸುತ್ತಿರುವುದು ಕೇಳಿಸುತ್ತದೆ. ಒಂದು ವಾಕ್ಯವನ್ನು ಹಿಡಿದುಕೊಳ್ಳಿ: ಮುಳುಗಿದ ‘ಅಟ್ಲಾಂಟಿಕ್ ಕನ್ವೇಯರ್’ ಹಡಗಿನ ಬದಲಿ ಹಡಗು ಜಪಾನಿನಲ್ಲಿ ತಯಾರಾಗಲಿದೆ ಎಂಬ ಸುದ್ದಿ. ಮೇ 25ರಂದು ಎಕ್ಸೊಸೆಟ್ ಕ್ಷಿಪಣಿಗಳು ಬಡಿದ ಸರಕು ಹಡಗು ಅದು, ಹನ್ನೆರಡು ಮಂದಿ ಸತ್ತಿದ್ದರು. ದೇಶಕ್ಕಾಗಿ ಹಡಗು ಮುಳುಗಿದೆ, ಅದನ್ನು ಮತ್ತೆ ಕಟ್ಟುವ ಕೆಲಸ ಮಾತ್ರ ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಂಡೆಯಲ್ಲಿ ಖಾಲಿ ಕೂತ ಕಾರ್ಮಿಕರಿಗೆ ಇಲ್ಲ. ಭಾಷಣ ಮಾಡದೆ ಇಡೀ ಆಲ್ಬಮ್‌ನ ವಾದವನ್ನು ಸುದ್ದಿವಾಚಕನ ಬಾಯಲ್ಲಿ ಹೇಳಿಸಿಬಿಟ್ಟಿದ್ದಾರೆ. ಅದೇ ಹಾಡಿನಲ್ಲಿ ಜಪಾನೀಯರಿಗೆ ಒಂದು ಹೀನಾಯ ಪದ ಬಳಸಿದ್ದಾರೆ. ಅದು ಹಾಡಿನೊಳಗಿನ ಪಾತ್ರದ ಮಾತು ಎಂದು ಸಮರ್ಥಿಸುವವರಿದ್ದಾರೆ. ನನಗೆ ಆ ಸಮರ್ಥನೆ ಒಪ್ಪಿಗೆಯಿಲ್ಲ, ಪದ ಇಂದಿಗೂ ಕಿರಿಕಿರಿ ಮಾಡುತ್ತದೆ.

‘ದ ಹೀರೋಸ್ ರಿಟರ್ನ್’ ಮತ್ತು ‘ದ ಗನ್ನರ್ಸ್ ಡ್ರೀಮ್’ ಎರಡನ್ನೂ ಬಿಡಿಸದೆ ಒಟ್ಟಿಗೆ ಕೇಳಿ. ‘ದ ವಾಲ್’ನಲ್ಲಿ ಮಕ್ಕಳನ್ನು ಗೋಳುಹೊಯ್ದುಕೊಳ್ಳುವ ಮೇಷ್ಟ್ರು ಇದ್ದಾನಲ್ಲ, ಅವನೇ ಇಲ್ಲಿ ಜರ್ಮನಿಯ ಡ್ರೆಸ್ಡೆನ್ ಮೇಲೆ ಬಾಂಬು ಹಾಕಿ ಬಂದ ಮಾಜಿ ವೈಮಾನಿಕ. ವಿಮಾನದಲ್ಲಿ ಸಾಯುತ್ತಿದ್ದ ಗನ್ನರ್ ಇಂಟರ್‌ಕಾಮ್‌ನಲ್ಲಿ ಆಡಿದ ಕೊನೆಯ ಮಾತು ಅವನ ತಲೆಯಿಂದ ಹೋಗಿಲ್ಲ. ಪಕ್ಕದಲ್ಲಿ ಮಲಗಿರುವ ಹೆಂಡತಿಗೆ ಅದನ್ನು ಹೇಳಲಾರ. ಮುಂದಿನ ಹಾಡಿನಲ್ಲಿ ಆ ಗನ್ನರ್ ಬೀಳುತ್ತಾ ಬೀಳುತ್ತಾ ಒಂದು ಊರಿನ ಕನಸು ಕಾಣುತ್ತಾನೆ. ಹೊಟ್ಟೆಗೆ ಸಾಕಷ್ಟಿರುವ, ವೃದ್ಧ ಸೈನಿಕರು ನಿರ್ಭಯವಾಗಿ ರಸ್ತೆಯಲ್ಲಿ ನಡೆದಾಡುವ, ರಾತ್ರಿ ಯಾರೂ ಬಾಗಿಲು ಒಡೆಯದ ಊರು. ಅಲ್ಲಿ ದೂರದಿಂದ ಗುಂಡಿ ಒತ್ತಿ ವಾದ್ಯಗಾರರನ್ನು ಸ್ಫೋಟಿಸುವ ಹುಚ್ಚರಿಲ್ಲ ಎಂಬ ಮಾತು ಬರುತ್ತದೆ. ಅದು ಕವಿಕಲ್ಪನೆಯಲ್ಲ. 1982ರ ಜುಲೈ 20ರಂದು, ಧ್ವನಿಮುದ್ರಣ ಶುರುವಾದ ತಿಂಗಳಿನಲ್ಲೇ, ಲಂಡನ್‌ನ ರೀಜೆಂಟ್ಸ್ ಪಾರ್ಕ್‌ನ ವಾದ್ಯಮಂಟಪದ ಕೆಳಗೆ ಐರಿಶ್ ಸಶಸ್ತ್ರ ಸಂಘಟನೆ ಐಆರ್‌ಎ ಇಟ್ಟ ಬಾಂಬು ಸಿಡಿದು ಸೇನಾ ಬ್ಯಾಂಡಿನ ಏಳು ಮಂದಿ ಸತ್ತರು. ಎರಡನೆಯ ಮಹಾಯುದ್ಧದಲ್ಲಿ ಬೀಳುತ್ತಿರುವ ಹುಡುಗನ ಕನಸಿನೊಳಗೆ 1982ರ ದಿನಪತ್ರಿಕೆ ಬಂದು ಬೀಳುತ್ತದೆ. ವಾಟರ್ಸ್ ಅರಚು ಎಲ್ಲಿ ಮುಗಿಯಿತು, ರಾಫೆಲ್ ರೇವನ್ಸ್‌ಕ್ರಾಫ್ಟ್ ಅವರ ಸ್ಯಾಕ್ಸೋಫೋನ್ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಪ್ರಯತ್ನಿಸಿ ನೋಡಿ. ನನ್ನ ವೃತ್ತಿಯಲ್ಲಿ ಇದು ಹೊಟ್ಟೆಕಿಚ್ಚಿನ ವಿಷಯ.

ಆವೃತ್ತಿಯ ವಿಚಾರ: ಮೊದಲು ಹನ್ನೆರಡು ಹಾಡುಗಳ ಕ್ರಮದಲ್ಲಿಯೇ ಕೇಳಿ. ನಿಮ್ಮ ಸಿ.ಡಿ.ಯಲ್ಲಿ ನಾಲ್ಕನೆಯದಾಗಿರುವ ‘ವೆನ್ ದ ಟೈಗರ್ಸ್ ಬ್ರೋಕ್ ಫ್ರೀ’ಯನ್ನು ದಾಟಿಬಿಡಿ. ಅದು ಸಿನಿಮಾಕ್ಕೆ ಮಾಡಿದ ಹಾಡು, 1982ರ ಜುಲೈನಲ್ಲಿ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡಾಗಿ ಬಂದದ್ದು. ಅಪ್ಪನ ಸಾವನ್ನು ನೇರವಾಗಿ, ಗಂಡಸರ ಸಮೂಹಗಾನದೊಂದಿಗೆ ಹೇಳುತ್ತದೆ. ಅದ್ಭುತವಾದ ಹಾಡೇ. ಆದರೆ ಮೂಲ ಆಲ್ಬಮ್ ಅಪ್ಪನ ಸುತ್ತಲೂ ಸುಳಿದಾಡುತ್ತದೆ, ಅವರ ಹೆಸರನ್ನು ಒಂದು ವೃದ್ಧಾಶ್ರಮದ ಫಲಕದ ಮೇಲೆ ಮಾತ್ರ ಬರೆಯುತ್ತದೆ. ನಡುವೆ ಈ ಹಾಡನ್ನು ತುರುಕಿದರೆ ಕಟ್ಟಿಟ್ಟ ಮಾತೆಲ್ಲ ಮೊದಲೇ ಚೆಲ್ಲಿಹೋಗುತ್ತದೆ. ಎಲ್ಲ ಮುಗಿದ ಮೇಲೆ ಪ್ರತ್ಯೇಕವಾಗಿ ಕೇಳಿ.

ಉತ್ತರ: ಆರುತಂತಿ

ಟೇಪ್‌ಸುರುಳಿ ಅವರು ಸಾಹಿತ್ಯವನ್ನು ಚೆನ್ನಾಗಿ ವಿವರಿಸಿದ್ದಾರೆ. ಹಾಡುಗಳ ರಾಗದ ಬಗ್ಗೆ ಒಂದು ಮಾತೂ ಆಡಿಲ್ಲ ಎಂಬುದನ್ನು ಎಡಕಿವಿ ಅವರು ಗಮನಿಸಲಿ. ಏಕೆಂದರೆ ಆಡಲು ಹೆಚ್ಚಿಗೆ ಇಲ್ಲ.

ಈ ಆಲ್ಬಮ್‌ನಲ್ಲಿ ರಿಚರ್ಡ್ ರೈಟ್ ಇಲ್ಲ. ‘ದ ವಾಲ್’ ಕಾಲದಲ್ಲಿಯೇ ಅವರನ್ನು ಹೊರಗೆ ಕಳಿಸಲಾಗಿತ್ತು. ಪಿಂಕ್ ಫ್ಲಾಯ್ಡ್‌ನ ಹಾಡುಗಳಿಗೆ ಉಸಿರಾಡಲು ಜಾಗ ಮಾಡಿಕೊಡುತ್ತಿದ್ದುದು ಅವರ ಕೀಬೋರ್ಡ್. ಅದರ ಬದಲು ಮೈಕೆಲ್ ಕೇಮನ್ ಅವರ ಪಿಯಾನೊ ಮತ್ತು ವಾದ್ಯವೃಂದ ಬಂದಿದೆ. ಕೇಮನ್ ಸಾಮಾನ್ಯರಲ್ಲ, ಆದರೆ ಅವರ ತಂತಿವಾದ್ಯಗಳು ಅಳುವವನ ಹೆಗಲ ಮೇಲೆ ಕೈಯಿಟ್ಟು ತಾವೂ ಅಳುತ್ತವೆ. ರೈಟ್ ಆಗಿದ್ದರೆ ಅಳುವವನನ್ನು ಸ್ವಲ್ಪ ದೂರದಿಂದ ನೋಡುತ್ತಿದ್ದರು.

ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮರ್ ಹಾಡಿರುವುದು ಒಂದೇ ಹಾಡಿನಲ್ಲಿ, ‘ನಾಟ್ ನೌ ಜಾನ್’. ಗಿಟಾರ್ ಸೋಲೋಗಳನ್ನು ಬೆರಳೆಣಿಕೆಯಲ್ಲಿ ಮುಗಿಸಬಹುದು. ಅವರ ಆಕ್ಷೇಪ ಆಗಲೇ ಸ್ಪಷ್ಟವಾಗಿತ್ತು: ‘ದ ವಾಲ್’ಗೆ ಸಾಲದೆಂದು ತೆಗೆದಿಟ್ಟ ಹಾಡುಗಳು ಈಗ ಹೇಗೆ ಸಾಕಾದವು? ‘ಯುವರ್ ಪಾಸಿಬಲ್ ಪಾಸ್ಟ್ಸ್’, ‘ಒನ್ ಆಫ್ ದ ಫ್ಯೂ’, ‘ದ ಹೀರೋಸ್ ರಿಟರ್ನ್’, ಕೊನೆಗೆ ಶೀರ್ಷಿಕೆಯ ಹಾಡು ಕೂಡ ಆ ಮಿಕ್ಕ ರಾಶಿಯಿಂದ ಬಂದವು. ಜಗಳ ಎಲ್ಲಿಗೆ ಮುಟ್ಟಿತೆಂದರೆ ನಿರ್ಮಾಪಕರ ಪಟ್ಟಿಯಿಂದ ಗಿಲ್ಮರ್ ಹೆಸರು ಹೋಯಿತು. ವಾಟರ್ಸ್ ಒಂದು ಸ್ಟುಡಿಯೊದಲ್ಲಿ ಹಾಡುವುದು, ಗಿಲ್ಮರ್ ಇನ್ನೊಂದರಲ್ಲಿ ಗಿಟಾರ್ ನುಡಿಸುವುದು. ಎಂಟು ಸ್ಟುಡಿಯೊಗಳಲ್ಲಿ ಚದುರಿ ಮಾಡಿದ ಕೆಲಸ. ಹೊದಿಕೆಯೇ ಸತ್ಯ ಹೇಳುತ್ತದೆ: ರಚನೆ ರೋಜರ್ ವಾಟರ್ಸ್, ನುಡಿಸಿದವರು ಪಿಂಕ್ ಫ್ಲಾಯ್ಡ್. ತಂಡದವರು ಬಾಡಿಗೆ ವಾದ್ಯಗಾರರಾಗಿದ್ದರು.

ಇಷ್ಟೆಲ್ಲ ಬೈದ ಮೇಲೂ ‘ದ ಫ್ಲೆಚರ್ ಮೆಮೋರಿಯಲ್ ಹೋಮ್’ನ ಸೋಲೋ ಕೇಳಲು ಮಾತ್ರ ನಾನು ಈ ಆಲ್ಬಮ್ ಹಾಕುತ್ತೇನೆ. ಕೆಲವೇ ಸ್ವರಗಳು, ಪ್ರತಿಯೊಂದನ್ನೂ ಎಳೆದು ಅಲ್ಲಿಯೇ ಬಿಡುತ್ತಾರೆ. ಹಾಡಿನ ಮಾತುಗಳಲ್ಲಿ ಇರುವ ಕೋಪದ ಹತ್ತರಷ್ಟು ಆ ಮೂವತ್ತು ನಲವತ್ತು ಸೆಕೆಂಡಿನಲ್ಲಿದೆ. ಮನಸ್ಸಿಲ್ಲದ ಮನುಷ್ಯ ಹೀಗೆ ನುಡಿಸಿದರೆ, ಮನಸ್ಸಿಟ್ಟಿದ್ದರೆ ಏನಾಗುತ್ತಿತ್ತು?

ಉತ್ತರ: ನಕ್ಷೆಪ್ರಿಯ

ಸಂಗೀತದ ಜಗಳ ನಿಮ್ಮಿಬ್ಬರದು. ನಾನು ಅಟ್ಲಾಂಟಿಕ್‌ನ ಆಚೆ ದಡದಿಂದ ಎರಡು ಮಾತು ಸೇರಿಸುತ್ತೇನೆ.

ಕ್ಷಿಪಣಿ ಹಾರುವ ಆ ಪುಟ್ಟ ಹಾಡಿನಲ್ಲಿ ಸೋವಿಯತ್ ನಾಯಕ ಬ್ರೆಜ್ನೆವ್ ಅಫ್ಘಾನಿಸ್ತಾನವನ್ನು, ಇಸ್ರೇಲಿನ ಪ್ರಧಾನಿ ಬೆಗಿನ್ ಬೈರೂತನ್ನು, ಅರ್ಜೆಂಟೀನಾದ ಸೇನಾಡಳಿತಗಾರ ಗಾಲ್ಟಿಯೆರಿ ಬ್ರಿಟನ್ನಿನ ಬಾವುಟವನ್ನು ತೆಗೆದುಕೊಂಡ ಪಟ್ಟಿಯಿದೆ. ನಂತರ ಬ್ರಿಟನ್ನಿನ ಪ್ರಧಾನಿ ಥ್ಯಾಚರ್ ಊಟದ ಮೇಜಿನಲ್ಲಿ ಕುಳಿತು ಒಂದು ಕ್ರೂಸರ್ ನೌಕೆಯನ್ನು ಅದರಲ್ಲಿದ್ದ ಎಲ್ಲರ ಸಮೇತ ಮುಳುಗಿಸಿದರು ಎಂದು ಬರುತ್ತದೆ. ಅದು ಅರ್ಜೆಂಟೀನಾದ ‘ಹೆನೆರಾಲ್ ಬೆಲ್ಗ್ರಾನೊ’. ಮೇ 2ರಂದು ಬ್ರಿಟನ್ ತಾನೇ ಸಾರಿದ್ದ 200 ಮೈಲಿ ನಿಷೇಧ ವಲಯದ ಹೊರಗಿದ್ದಾಗ ‘ಕಾಂಕರರ್’ ಜಲಾಂತರ್ಗಾಮಿ ಅದಕ್ಕೆ ಟಾರ್ಪಿಡೊ ಹೊಡೆಯಿತು. ಸತ್ತವರು 323. ಆದರೆ ಹಡಗಿನಲ್ಲಿದ್ದವರು ಸಾವಿರಕ್ಕೂ ಹೆಚ್ಚು, ಏಳುನೂರಕ್ಕೂ ಹೆಚ್ಚು ಮಂದಿ ಬದುಕುಳಿದರು. ಹಾಡು ಹೇಳುವಂತೆ ‘ಎಲ್ಲರೂ’ ಅಲ್ಲ. ಇಡೀ ಯುದ್ಧದಲ್ಲಿ ಅರ್ಜೆಂಟೀನಾ ಕಳೆದುಕೊಂಡ 649 ಮಂದಿಯಲ್ಲಿ ಅರ್ಧದಷ್ಟು ಈ ಒಂದೇ ಹಡಗಿನವರು. ಬ್ರಿಟನ್ನಿನ ಕಡೆ ಸತ್ತ ಯೋಧರು 255. ನಿಜವಾದ ಸಂಖ್ಯೆಯೇ ಸಾಕಷ್ಟು ಭೀಕರವಾಗಿರುವಾಗ ಉಬ್ಬಿಸುವ ಅಗತ್ಯವಿರಲಿಲ್ಲ. ಅಂದ ಹಾಗೆ, ರೇಡಿಯೊದಲ್ಲಿ ಜಪಾನಿಗೆ ಹೋಯಿತೆಂದ ‘ಅಟ್ಲಾಂಟಿಕ್ ಕನ್ವೇಯರ್’ನ ಬದಲಿ ಹಡಗು ಕೊನೆಗೆ ತಯಾರಾದದ್ದು ಇಂಗ್ಲೆಂಡಿನ ಟೈನ್ ನದಿಯ ಸ್ವಾನ್ ಹಂಟರ್ ಕಟ್ಟೆಯಲ್ಲಿ. ಅದು ಆಲ್ಬಮ್ ಬಂದ ಮೇಲಿನ ಮಾತು.

ಇನ್ನೊಂದು ವಿಚಾರ. ಬ್ರಿಟನ್ನಿನ ರಾಕ್ ತಂಡವೊಂದು ತನ್ನ ಸರ್ಕಾರವನ್ನು ಬೈದು ಆಲ್ಬಮ್ ಮಾಡಿ ಅದನ್ನು ಅಂಗಡಿಯಲ್ಲಿ ಮಾರಬಹುದಾಗಿತ್ತು. ಬ್ಯೂನಸ್ ಐರಿಸ್‌ನಲ್ಲಿ ಅದೇ ಹೊತ್ತಿಗೆ ಏನಾಗುತ್ತಿತ್ತು ನೋಡಿ. ಯುದ್ಧದ ಕಾಲದಲ್ಲಿ ಅಲ್ಲಿನ ರೇಡಿಯೊದಲ್ಲಿ ಇಂಗ್ಲಿಷ್ ಹಾಡುಗಳು ನಿಂತುಹೋದವು. ಅಲ್ಲಿಯವರೆಗೆ ಸೇನಾಡಳಿತದ ಅನುಮಾನಕ್ಕೆ ಗುರಿಯಾಗಿದ್ದ ಸ್ಥಳೀಯ ರಾಕ್ ಗಾಯಕರಿಗೆ ಇದ್ದಕ್ಕಿದ್ದಂತೆ ಬಾಗಿಲು ತೆರೆಯಿತು. ಮೇ 16ರಂದು ಒಬ್ರಾಸ್ ಸಾನಿತಾರಿಯಾಸ್ ಮೈದಾನದಲ್ಲಿ ದೊಡ್ಡ ಸಂಗೀತೋತ್ಸವ ನಡೆಯಿತು. ಚಾರ್ಲಿ ಗಾರ್ಸಿಯಾ, ಲೂಯಿಸ್ ಆಲ್ಬರ್ಟೊ ಸ್ಪಿನೆತ್ತಾ, ಲಿಯೊನ್ ಗಿಯೆಕೊ ಎಲ್ಲರೂ ಬಂದಿದ್ದರು. ಜನ ಸೈನಿಕರಿಗಾಗಿ ಬಟ್ಟೆ, ಆಹಾರ ತಂದು ಕೊಟ್ಟರು. ವೇದಿಕೆಯಲ್ಲಿ ಶಾಂತಿಯ ಹಾಡುಗಳು, ಲಾಭ ಮಾತ್ರ ಸೇನಾಡಳಿತದ ಹೆಸರಿಗೆ. ಹೋಗಲು ಒಪ್ಪದ ತಂಡ ‘ವೀರುಸ್’. ಲಾ ಪ್ಲಾತಾ ಊರಿನ ಮೌರಾ ಸಹೋದರರ ತಂಡ ಅದು. ಅವರ ಅಣ್ಣ ಹೋರ್ಹೆಯನ್ನು 1977ರಲ್ಲಿ ಅಪಹರಿಸಲಾಗಿತ್ತು, ಅವನು ಮರಳಲೇ ಇಲ್ಲ. ಅದೇ 1982ರಲ್ಲಿ ಬಂದ ಅವರ ‘ರೆಕ್ರುದೆಸೆ’ ಆಲ್ಬಮ್‌ನಲ್ಲಿ ‘ಎಲ್ ಬಾಂಕೆತೆ’ ಎಂಬ ಹಾಡಿದೆ. ಭರ್ಜರಿ ಔತಣಕ್ಕೆ ಕರೆ ಬಂದಿದೆ, ಎಳೆಯ ಕರುಗಳನ್ನು ಕಡಿದಿದ್ದಾರೆ. ಕುಣಿಯುವ ಧಾಟಿ, ಮೇಲುನೋಟಕ್ಕೆ ಒಂದು ಮೋಜಿನ ಹಾಡು. ‘ದ ಫೈನಲ್ ಕಟ್’ ಹೆಸರು ಹಿಡಿದು ಬೈಯುತ್ತದೆ. ‘ವೀರುಸ್’ಗೆ ಆ ಸೌಕರ್ಯ ಇರಲಿಲ್ಲ. ಯುದ್ಧಕಾಲದ ಆಲ್ಬಮ್ ಎಂದು ಚರ್ಚಿಸುವಾಗ ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಿ ಎಂದಷ್ಟೇ ನನ್ನ ಕೋರಿಕೆ.

ಮರೆತೆ: ಟೇಪ್‌ಸುರುಳಿ ಅವರು ಹೊಗಳಿದ ಹೋಲೋಫೋನಿಕ್ಸ್‌ನ ಜುಕರೆಲ್ಲಿ ಮೂಲತಃ ಅರ್ಜೆಂಟೀನಾದವರು.

ಮರುಪ್ರಶ್ನೆ: ಎಡಕಿವಿ

ಎಲ್ಲರಿಗೂ ಕೃತಜ್ಞತೆಗಳು. ಹೆಡ್‌ಫೋನ್ ಹಾಕಿ, ‘ಟೈಗರ್ಸ್’ ದಾಟಿಸಿ, ಗುಂಡಿ ಮುಟ್ಟದೆ ಕೇಳಿದೆ. ಈ ಸಲ ಕೊನೆಯವರೆಗೂ ಕುಳಿತೆ. ‘ಸೌತಾಂಪ್ಟನ್ ಡಾಕ್’ ಇಷ್ಟು ಚಿಕ್ಕದಾಗಿದ್ದೂ ಹೀಗೆ ತಟ್ಟುತ್ತದೆ ಎಂದು ಅಂದುಕೊಂಡಿರಲಿಲ್ಲ. ಆದರೆ ಕೊನೆಯ ಎರಡು ಹಾಡುಗಳು ಅರ್ಥವಾಗಲಿಲ್ಲ. ಅಷ್ಟು ಶೋಕದ ನಡುವೆ ‘ನಾಟ್ ನೌ ಜಾನ್’ನ ಗದ್ದಲ ಏಕೆ? ‘ಟೂ ಸನ್ಸ್ ಇನ್ ದ ಸನ್‌ಸೆಟ್’ನಲ್ಲಿ ಫಾಕ್‌ಲ್ಯಾಂಡ್ಸ್ ಬಿಟ್ಟು ಅಣುಬಾಂಬಿಗೆ ಏಕೆ ಹಾರಿದರು? ಅದರಲ್ಲಿ ಡ್ರಮ್ಸ್ ಕೂಡ ಬೇರೆ ಯಾರೋ ನುಡಿಸಿದಂತಿದೆ.

ಉತ್ತರ: ಟೇಪ್‌ಸುರುಳಿ

ನಿಮ್ಮ ಹೆಸರು ಎಡಕಿವಿ, ಆದರೆ ಎರಡೂ ಕಿವಿ ಚುರುಕಾಗಿವೆ. ಕೊನೆಯ ಹಾಡಿನಲ್ಲಿ ನುಡಿಸಿರುವುದು ನಿಕ್ ಮೇಸನ್ ಅಲ್ಲ, ಆಂಡಿ ನ್ಯೂಮಾರ್ಕ್. ತಾಳ ಮತ್ತೆ ಮತ್ತೆ ಬದಲಾಗುವ ಹಾಡು ಅದು, ಮೇಸನ್ ಅವರಿಗೆ ಒಗ್ಗಲಿಲ್ಲ. ತಂಡದ ಡ್ರಮ್ಸ್ ವಾದಕನೇ ತಂಡದ ಆ ಕೊನೆಯ ಹಾಡಿನಲ್ಲಿ ಇಲ್ಲ ಎಂಬುದನ್ನು ಆರುತಂತಿ ಅವರು ತಮ್ಮ ವಾದಕ್ಕೆ ಸೇರಿಸಿಕೊಳ್ಳಬಹುದು, ನನ್ನ ಅಡ್ಡಿಯಿಲ್ಲ.

‘ಸೌತಾಂಪ್ಟನ್ ಡಾಕ್’ನಲ್ಲಿ 1945ರಲ್ಲಿ ಹಡಗಿನಿಂದ ಇಳಿಯುವವರು ಇದ್ದಾರೆ, ಹಾಡು ಮುಗಿಯುವಷ್ಟರಲ್ಲಿ ಅದೇ ದಡದಿಂದ ಹುಡುಗರು ಮತ್ತೆ ಹೊರಡುತ್ತಾರೆ. 1982ರ ಏಪ್ರಿಲ್ 9ರಂದು ‘ಕ್ಯಾನ್‌ಬೆರಾ’, ಮೇ 12ರಂದು ‘ಕ್ವೀನ್ ಎಲಿಜಬೆತ್ 2’ ಸೌತಾಂಪ್ಟನ್‌ನಿಂದಲೇ ಹೊರಟವು. ಎರಡೂ ಐಷಾರಾಮಿ ಪ್ರವಾಸಿ ಹಡಗುಗಳು, ತುಂಬಿದ್ದು ಸೈನಿಕರು. ಎರಡು ನಿಮಿಷದ ಹಾಡಿನಲ್ಲಿ ಮೂವತ್ತೇಳು ವರ್ಷ. ಇದಕ್ಕೆ ಗಿಟಾರ್ ಸೋಲೋ ಬೇಕಿತ್ತು ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ಸಿದ್ಧ.

‘ನಾಟ್ ನೌ ಜಾನ್’ ಆ ಶೋಕಕ್ಕೆ ಕಿವಿಗೊಡಲು ಬಿಡುವಿಲ್ಲದ ಜನರ ಹಾಡು. ಕೆಲಸ ಮುಗಿಸಬೇಕು, ಜಪಾನಿನ ಜೊತೆ ಪೈಪೋಟಿ ಮಾಡಬೇಕು, ಸಂಜೆ ಕುಡಿಯಬೇಕು, ಬಾವುಟ ಬೀಸಬೇಕು, ಅಳುವವನ ಗೋಳು ಈಗ ಬೇಡ. ವಾಟರ್ಸ್ ಆ ಗದ್ದಲದ ಪಾಲನ್ನು ಗಿಲ್ಮರ್ ಕೈಯಲ್ಲಿ ಹಾಡಿಸಿದ್ದಾರೆ, ತಾವು ನಡುನಡುವೆ ಬಂದು ಹೋಗುತ್ತಾರೆ. ಸ್ಟುಡಿಯೊದೊಳಗಿನ ಜಗಳವೂ ಇದೇ ಧಾಟಿಯದು ಎಂದು ನೆನಪಿಟ್ಟು ಕೇಳಿದರೆ ನಗು ಬರುತ್ತದೆ. ಸಿಂಗಲ್ ಆಗಿ ಬಿಡುವಾಗ ಅದರ ಬೈಗುಳವನ್ನು ಮೃದುವಾದ ಇನ್ನೊಂದು ಪದದಿಂದ ಮುಚ್ಚಿದರು.

ಅಣುಬಾಂಬು ಹಾರಿಕೆಯಲ್ಲ. 1983ರ ಬ್ರಿಟನ್ನಿಗೆ ಅದು ದಿನನಿತ್ಯದ ಭಯ. ಗ್ರೀನ್‌ಹ್ಯಾಮ್ ಕಾಮನ್ ವಾಯುನೆಲೆಗೆ ಅಮೆರಿಕದ ಕ್ರೂಸ್ ಕ್ಷಿಪಣಿಗಳು ಬರಲಿದ್ದವು, ಹೆಂಗಸರು 1981ರಿಂದಲೇ ಅದರ ಬೇಲಿಯಾಚೆ ಬಿಡಾರ ಹೂಡಿದ್ದರು. ಹಾಡಿನಲ್ಲಿ ಒಬ್ಬ ಕಾರು ಓಡಿಸುತ್ತಿದ್ದಾನೆ. ಹಿಂದಿನ ಕನ್ನಡಿಯಲ್ಲಿ ಸೂರ್ಯ ಮುಳುಗುತ್ತಿದ್ದಾನೆ, ಪೂರ್ವದಲ್ಲಿ ಇನ್ನೊಂದು ಸೂರ್ಯ ಹುಟ್ಟುತ್ತಾನೆ. ಕೊಟ್ಟ ಮಾತು ಮುರಿಯುವುದನ್ನೇ ಅಭ್ಯಾಸ ಮಾಡಿಕೊಂಡವರ ಕೈಯಲ್ಲಿ ಇಂಥ ಆಯುಧವಿದ್ದರೆ ಏನಾದೀತು ಎಂಬಲ್ಲಿಗೆ ಅಪ್ಪನ ಲೆಕ್ಕ ಬಂದು ಮುಟ್ಟುತ್ತದೆ. ಹಾಡು ಕರಗುವ ಹೊತ್ತಿಗೆ ಸ್ಯಾಕ್ಸೋಫೋನ್ ಹಿಂದೆ ಹವಾಮಾನ ವರದಿಯೊಂದು ಇದೆ, ಹುಡುಕಿ ಕೇಳಿ: ಚದುರಿದ ಮಳೆ, ಗರಿಷ್ಠ ಉಷ್ಣಾಂಶ 4,000 ಡಿಗ್ರಿ ಸೆಲ್ಸಿಯಸ್. ಕಪ್ಪುಹಾಸ್ಯ ಗೊತ್ತಿಲ್ಲದ ಮನುಷ್ಯ ಎಂದು ವಾಟರ್ಸ್ ಅವರನ್ನು ಮೂದಲಿಸುವವರು ಇದನ್ನು ಕೇಳಿಸಿಕೊಂಡಿರುವುದಿಲ್ಲ.

ಆರುತಂತಿ ಅವರಿಗೆ: ಮಿಕ್ಕ ರಾಶಿಯ ಹಾಡುಗಳು ಎಂಬುದು ನಿಜ. ಆದರೆ ‘ದ ಹೀರೋಸ್ ರಿಟರ್ನ್’ನ ಮೇಷ್ಟ್ರಿಗೆ ‘ದ ವಾಲ್’ನಲ್ಲಿ ಕೆಲಸವಿರಲಿಲ್ಲ. ಅಲ್ಲಿ ಅವನು ಖಳನಾಯಕನಾಗಿದ್ದರೆ ಸಾಕಿತ್ತು. ಫಾಕ್‌ಲ್ಯಾಂಡ್ಸ್‌ನಿಂದ ಹುಡುಗರು ಮರಳಿ ಬರುತ್ತಿದ್ದಾಗ ಅದೇ ಹಾಡಿಗೆ ಬೇರೆ ಕಿವಿಗಳು ಹುಟ್ಟಿದವು. ರೈಟ್ ಇಲ್ಲದ ಕೊರತೆಯ ಬಗ್ಗೆ ನಿಮ್ಮ ಮಾತನ್ನು ತಳ್ಳಿಹಾಕಲಾರೆ. ರೈಟ್ ಇದ್ದಿದ್ದರೆ ಆಲ್ಬಮ್ ಇನ್ನಷ್ಟು ಸುಂದರವಾಗುತ್ತಿತ್ತು, ಇಷ್ಟು ಹಸಿಯಾಗಿರುತ್ತಿರಲಿಲ್ಲ. ನನಗೆ ಇಲ್ಲಿ ಬೇಕಿರುವುದು ಹಸಿಯಾದದ್ದೇ. ನಕ್ಷೆಪ್ರಿಯ ಅವರು ಹೇಳಿದ ‘ಎಲ್ಲರ ಸಮೇತ’ ತಪ್ಪಿಗೆ ಮಾತ್ರ ನನ್ನ ಬಳಿ ಸಮರ್ಥನೆಯಿಲ್ಲ. ‘ರೆಕ್ರುದೆಸೆ’ ಕೇಳಿಲ್ಲ, ಈ ವಾರ ಕೇಳುತ್ತೇನೆ.

ಒಂದು ಸಂಗತಿ ನನಗೆ ಯಾವಾಗಲೂ ವಿಚಿತ್ರವೆನಿಸುತ್ತದೆ. 1983ರ ಮಾರ್ಚ್‌ನಲ್ಲಿ ಬಂದ ಈ ಆಲ್ಬಮ್ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಿತು. ಜೂನ್ 9ರ ಚುನಾವಣೆಯಲ್ಲಿ ಥ್ಯಾಚರ್ 144 ಸ್ಥಾನಗಳ ಬಹುಮತದಿಂದ ಮರಳಿ ಗೆದ್ದರು. ಎರಡನ್ನೂ ಮಾಡಿದ್ದು ಅದೇ ದೇಶದ ಜನ, ಬಹುಶಃ ಕೆಲವರು ಎರಡನ್ನೂ ಮಾಡಿರಬೇಕು.

ಉತ್ತರ: ಆರುತಂತಿ

ನ್ಯೂಮಾರ್ಕ್ ವಿಷಯ ನೀವೇ ಎತ್ತಿದ್ದರಿಂದ ಹೇಳುತ್ತೇನೆ. 1984ರಲ್ಲಿ ವಾಟರ್ಸ್ ಸ್ವತಂತ್ರವಾಗಿ ತಂದ ‘ದ ಪ್ರೋಸ್ ಆಂಡ್ ಕಾನ್ಸ್ ಆಫ್ ಹಿಚ್ ಹೈಕಿಂಗ್’ನಲ್ಲಿ ಯಾರಿದ್ದಾರೆ ನೋಡಿ: ಡ್ರಮ್ಸ್‌ಗೆ ನ್ಯೂಮಾರ್ಕ್, ಪಿಯಾನೊಗೆ ಕೇಮನ್, ಸ್ಯಾಕ್ಸೋಫೋನ್‌ಗೆ ರೇವನ್ಸ್‌ಕ್ರಾಫ್ಟ್, ಹ್ಯಾಮಂಡ್ ಆರ್ಗನ್‌ಗೆ ಆಂಡಿ ಬೌನ್, ತಾಳವಾದ್ಯಕ್ಕೆ ರೇ ಕೂಪರ್. ‘ದ ಫೈನಲ್ ಕಟ್’ನ ಬಳಗವೇ ಸಾಲಾಗಿ ಹೋಗಿದೆ, ಗಿಲ್ಮರ್ ಜಾಗಕ್ಕೆ ಎರಿಕ್ ಕ್ಲ್ಯಾಪ್ಟನ್ ಬಂದಿದ್ದಾರೆ. ಎಡಕಿವಿ ಅವರೇ, ಅದನ್ನೂ ಅದೇ ವರ್ಷ ಬಂದ ಗಿಲ್ಮರ್ ಅವರ ‘ಅಬೌಟ್ ಫೇಸ್’ ಅನ್ನೂ ಒಂದರ ಹಿಂದೆ ಒಂದು ಕೇಳಿ, ಆಮೇಲೆ ಇದು ತಂಡದ್ದೋ ಒಬ್ಬರದೋ ತೀರ್ಮಾನಿಸಿ. ವಾಟರ್ಸ್ ಬಿಟ್ಟುಹೋದ ಮೇಲೆ ತಂಡ ತಂದ 1987ರ ಆಲ್ಬಮ್‌ಗೆ ಅವಸರ ಮಾಡಬೇಡಿ. ಅದರ ಜಗಳಕ್ಕೆ ಬೇರೆ ಪ್ರಶ್ನೆ ಹಾಕಿ, ಬರುತ್ತೇನೆ.